ರಂಗೋಲಿ ಎಳೆಯಷ್ಟು ಮಷೀನು

ನಮ್ಮ ಸೋದರಮಾವನಿಗೆ ಅಂಗಡಿಗೆ ಹೋಗಿ ಒಂದು ವಸ್ತು ಕೊಂಡು ಬರುವುದು ಗೊತ್ತೇ ಇಲ್ಲ. ಅವರು ಅದರ ಜಾತಕ ನೋಡುತ್ತಾರೆ! ಕೊಡೆ ನೋಡಲು ಹೊರಟ ದಿನವೂ ಕೊಂಡ ದಿನವೂ ನನ್ನ ಡೈರಿಯಲ್ಲಿವೆ. ನಡುವೆ ಒಂದು ಮಳೆಗಾಲವೇ ಮುಗಿದಿದೆ. ಅಂಥವರು ವೆಲ್ಡಿಂಗ್ ಮಷೀನು ಕೊಳ್ಳುತ್ತೇನೆಂದರೆ? ನಾನು ಹೊಸ ಡೈರಿಯನ್ನೇ ತಂದೆ.

ಎಲ್ಲಕ್ಕೂ ಕಾರಣ ಒಂದು ಗೇಟು. ಹಳೇಬೀಡಿನ ತಮ್ಮ ಮನೆ ಮುಂದೆ ದಿನಾ ಇಡುವ ಬಳ್ಳಿ ರಂಗೋಲಿಯಂತೆಯೇ ಕಬ್ಬಿಣದ ಗೇಟು ಇರಬೇಕೆಂದು ಅತ್ತೆಗೆ ಆಸೆ. ಬೇಲೂರಿನ ವೆಲ್ಡಿಂಗ್ ಅಂಗಡಿಯವರು ಅತ್ತೆ ಬರೆದ ಚಿತ್ರ ನೋಡಿ, ಇಷ್ಟು ಸುತ್ತು ಆಗೋದಿಲ್ಲ, ನೆಟ್ಟಗೆ ಸರಳು ಹಾಕಿಕೊಡುತ್ತೇವೆ ಎಂದರು. ಅತ್ತೆ ಚಿತ್ರವನ್ನು ಮಡಿಸಿ ಸಾಸಿವೆ ಡಬ್ಬದ ಕೆಳಗಿಟ್ಟರು. ಮಾವ ಅದನ್ನು ಹೊರತೆಗೆದು, "ಸ್ಕೂಟರ್ ಶೆಡ್ಡಲ್ಲೇ ಮಾಡೋಣ ಕಣೇ" ಎಂದರು.

ಮೊದಲು ಮನೆಯ ಕರೆಂಟಿಗೆ ಪರೀಕ್ಷೆ. ಗೀಸರು, ಮೋಟರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಎಲ್ಲವನ್ನೂ ಒಟ್ಟಿಗೆ ಹಾಕಿದರು. ಫ್ಯೂಸು ಹೋಯಿತು. ದೊಡ್ಡ ಮಷೀನು ನಮಗಲ್ಲ ಎಂದು ಮಾವ ಹಿಗ್ಗಿದರು. ಅರೆಯದ ಚಟ್ನಿಯ ಮುಂದೆ ನಾವು ಬರೀ ಇಡ್ಲಿ ತಿಂದೆವು.

ಆಮೇಲೆ ಅರಸೀಕೆರೆಯ ಅಂಗಡಿ. ಅತ್ತೆಯೂ ಬರಲೇಬೇಕೆಂದು ಮಾವನ ಹಟ. ಎಷ್ಟು ದಪ್ಪದ ಕಬ್ಬಿಣ ಬೆಸೆಯಬೇಕು ಎಂದು ಅಂಗಡಿಯವರು ಕೇಳಿದರೆ, ಮಾವ "ರಂಗೋಲಿ ಎಳೆಯಷ್ಟು" ಎಂದುಬಿಟ್ಟರು! ನಾನು ಬೀದಿಯ ಕಡೆ ಮುಖ ತಿರುಗಿಸಿದೆ. ಅಂಗಡಿಯವರು ಮಾತ್ರ ತಲೆದೂಗಿದರು. ತೆಳು ಸರಳಿಗೆ ಕರೆಂಟು ಜಾಸ್ತಿಯಾದರೆ ತೂತು ಬೀಳುತ್ತದೆ, ಚಿಕ್ಕದೇ ಸಾಕು; ಆದರೂ ಮುಂದಕ್ಕಿರಲಿ, ದೊಡ್ಡದನ್ನೇ ಒಯ್ಯಿರಿ ಎಂದರು. ಮಾವ ಅತ್ತೆಗೆ, ಒಂದೊಂದನ್ನೇ ಎತ್ತಿ ನೋಡು ಎಂದರು. ದೊಡ್ಡದು ನೆಲ ಬಿಡಲಿಲ್ಲ. ಚಿಕ್ಕದು ತರಕಾರಿ ಚೀಲದಂತೆ ಮೇಲೆದ್ದಿತು. ಮುಖಕ್ಕೆ ಹಾಕುವ ವೆಲ್ಡಿಂಗ್ ಮುಖವಾಡವನ್ನೂ ಅತ್ತೆಗೇ ತೊಡಿಸಿ, ತುರುಬು ಒತ್ತುತ್ತದೆಯೇ ಎಂದು ವಿಚಾರಿಸಿದರು.

"ಏನ್ ಸ್ವಾಮಿ, ಹೊರೋದೂ ಅಮ್ಮಾವ್ರೇನಾ?" ಅಂಗಡಿಯವರು ನಕ್ಕರು.

"ಇವ್ರನ್ನ ಕಟ್ಕೊಂಡ ಮೇಲೆ ಎಲ್ಲಾ ನಾನೇ ಹೊರಬೇಕು ಕಣ್ರೀ" ಎಂದರು ಅತ್ತೆ, ಮುಖವಾಡದೊಳಗಿಂದಲೇ.

ಕೊನೆಗೆ ಕೊಂಡು ತಂದ ಚಿಕ್ಕ ಮಷೀನನ್ನು ಭಾನುವಾರ ಶೆಡ್ಡಿನಲ್ಲಿ ಇಳಿಸಿ, ಮಾವ ಆ ಮುಖವಾಡವನ್ನು ಅತ್ತೆಯ ಕೈಗಿಟ್ಟರು.

"ನಂಗೆ ಬರಲ್ಲ ರೀ."

"ನಂಗೂ ಬರಲ್ಲ. ಬೆಂಕಿ ಹಿಡಿಯೋದು ಯಾರಾದ್ರೂ ಕಲಿಸ್ತಾರೆ. ಆ ಸುತ್ತು ಇರೋದು ನಿನ್ ಕೈಲಿ ಕಣೇ, ಅದನ್ನ ನಂಗ್ಯಾರು ಕಲಿಸ್ತಾರೆ?"

ಆಗ ನನಗೆ ಅಂಗಡಿಯಲ್ಲಿ ನೋಡಿದ ತೂಕವೂ ತುರುಬೂ ಅರ್ಥವಾದವು. ಪರಿಚಯದ ವೆಲ್ಡರ್ ಒಬ್ಬರು ವಾರವಾರ ಬಂದು ಕಲಿಸಿದರು. ಅತ್ತೆ ನೆಲದ ಮೇಲೆ ರಂಗೋಲಿ ಎಳೆದರು, ಮಾವ ಅದರ ಮೇಲಿಟ್ಟು ಸರಳು ಬಗ್ಗಿಸಿದರು, ಅತ್ತೆ ಬೆಸೆದರು. ಎಷ್ಟು ಫ್ಯೂಸು ಹೋದವೋ, ಆ ಲೆಕ್ಕವನ್ನು ನಾನು ಬಿಟ್ಟುಬಿಟ್ಟೆ.

ಈಗ ಗೇಟು ನಿಂತಿದೆ. ಬೆಳಗಿನ ಬಿಸಿಲಿಗೆ ಅದರ ನೆರಳು ಅಂಗಳದ ತುಂಬ ಬಳ್ಳಿಯಾಗಿ ಹರಡುತ್ತದೆ. ಹಾಲು ತರಲು ಹೊರಟ ಮಾವ ಚಪ್ಪಲಿ ಮೆಟ್ಟಿ, ಆ ನೆರಳನ್ನು ತುಳಿಯದೆ, ಗೋಡೆಯ ಅಂಚಿನಲ್ಲಿ ಸುತ್ತಿಕೊಂಡು ಹೋಗುತ್ತಾರೆ.