ಆಲೂಗಡ್ಡೆ ಮೂಟೆಗಳ ನಡುವೆ ಓವರ್‌ಕ್ಲಾಕಿಂಗ್

ನನ್ನ ಕಂಪ್ಯೂಟರ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಸನದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಊರವರ ಮದುವೆ, ನಾಮಕರಣ, ಗೃಹಪ್ರವೇಶಗಳ ವೀಡಿಯೊಗಳನ್ನು ತನ್ನ ಪಾಡಿಗೆ ತಾನು ತಯಾರಿಸಿ ಕೊಡುತ್ತಿತ್ತು. ನಿಧಾನ, ನಿಜ. ಆದರೆ ಕೊಡುತ್ತಿತ್ತು!

ಈ ಸಲ ಬಂದದ್ದು ಚನ್ನರಾಯಪಟ್ಟಣದ ನಮ್ಮ ಭಾವನ, ಅಂದರೆ ನನ್ನ ಹೆಂಡತಿ ಶೈಲಜಾಳ ಅಣ್ಣನ ಮಗಳ ಮದುವೆ. ವೀಡಿಯೊಗೆ ಬೇರೆ ಯಾರನ್ನೋ ಗೊತ್ತು ಮಾಡಲು ಹೊರಟಿದ್ದ ಅಣ್ಣನ ಹತ್ತಿರ ಜಗಳವಾಡಿ ಕೆಲಸವನ್ನು ನನಗೆ ಕೊಡಿಸಿದವಳು ಅವಳೇ. ಭಾನುವಾರ ಹೊಳೆನರಸೀಪುರದಲ್ಲಿ ಗಂಡಿನ ಕಡೆಯವರ ಬೀಗರೂಟ. ಅಲ್ಲಿ ದೊಡ್ಡ ಪರದೆಯ ಮೇಲೆ ನನ್ನ ವೀಡಿಯೊ ಓಡಬೇಕು.

"ರೀ, ತವರ್ಮನೇಲಿ ನನ್ ಮರ್ಯಾದೆ ನಿಮ್ ಕೈಲದೆ. ಆಮೇಲೆ ಅಂಗಾಯ್ತು ಇಂಗಾಯ್ತು ಅನ್ಬೇಡಿ," ಎಂದಳು.

"ನೀನು ಚಿಂತೆ ಬಿಡು," ಎಂದೆ. ನನ್ನ ಬಾಯಿಂದ ಈ ಮಾತು ಬಂದಾಗಲೇ ಅವಳಿಗೆ ಚಿಂತೆ ಶುರುವಾಗುವುದು.

ವಾರದ ನಡುವೆಯೇ ಎಡಿಟಿಂಗ್ ಮುಗಿಯಿತು. ಇನ್ನು ಉಳಿದದ್ದು ರೆಂಡರಿಂಗ್, ಅಂದರೆ ಎಲ್ಲ ತುಣುಕುಗಳನ್ನೂ ಬೆಸೆದು ಒಂದೇ ವೀಡಿಯೊ ಮಾಡುವುದು. ಬಟನ್ ಒತ್ತಿ, ಉಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಸಿದ್ಧ. ಆದರೆ ಅಷ್ಟು ಹೊತ್ತು ಕಾಯುವುದು ಕಲಾವಿದನಿಗೆ ಶೋಭೆಯೇ? ಪ್ರೊಸೆಸರನ್ನು ಕಂಪನಿಯವರು ಗೊತ್ತು ಮಾಡಿದ್ದಕ್ಕಿಂತ ಜೋರಾಗಿ ಓಡಿಸುವ ಓವರ್‌ಕ್ಲಾಕಿಂಗ್ ಎಂಬ ಮಹಾವಿದ್ಯೆಯನ್ನು ನಾನು ಆಗಷ್ಟೇ ಮೊಬೈಲಿನಲ್ಲಿ ಅಭ್ಯಾಸ ಮಾಡಿದ್ದೆ.

ವೇಗ ಏರಿಸಿದೆ. ಪರದೆ ನೀಲಿಯಾಗಿ ನಿಂತುಬಿಟ್ಟಿತು. ವೋಲ್ಟೇಜನ್ನೂ ಏರಿಸಿದೆ. ಓಡಿತು! ನನ್ನ ಸಾಧನೆ ನೋಡಲು ಶೈಲಜಾಳನ್ನು ಕೂಗಿದೆ. ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಾದು ಕೆಂಡವಾಗಿ ಆಫ್ ಆಯಿತು. ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಮತ್ತೆ ಓಡಿತು, ಮತ್ತೆ ಆರಿತು. ಶುಕ್ರವಾರದ ಹೊತ್ತಿಗೆ ಮನೆಯ ಫ್ಯಾನುಗಳೆಲ್ಲ ಕಂಪ್ಯೂಟರಿನ ಸೇವೆಯಲ್ಲಿದ್ದವು, ನಾವು ಕ್ಯಾಲೆಂಡರ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು.

"ಮಾಮೂಲಿ ಸ್ಪೀಡ್ಗೇನ್ ಬಂದಿತ್ತು ದೊಡ್ರೋಗ?" ಎಂದಳು ಶೈಲಜಾ. "ಈಗ್ಲೂ ಅದ್ಕೇ ಹಾಕ್ಬುಡಿ, ಮುಗ್ದೋಯ್ತದೆ."

"ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ!" ಎಂದೆ.

ಶನಿವಾರ ರಂಗಸ್ವಾಮಿ ಬಂದ. ಇವನು ನನ್ನ ಷಡ್ಡಕ, ಶೈಲಜಾಳ ತಂಗಿಯ ಗಂಡ. ಊರಾಚೆಯ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್.

"ಬಿಸಿ ಆಯ್ತದೆ, ಅಷ್ಟೇ ತಾನೆ? ನಮ್ ಸ್ಟೋರೇಜ್ಗೆ ತಗಂಬನ್ನಿ ಅಣ್ಣ. ಬಿತ್ನೆ ಆಲೂಗಡ್ಡೆನೇ ತಿಂಗ್ಳುಗಟ್ಲೆ ನಡುಕ್ಕಂಡ್ ಕೂತವೆ, ನಿಮ್ ಡಬ್ಬ ಯಾವ್ ಲೆಕ್ಕ!"

ನನಗೆ ಜ್ಞಾನೋದಯವಾಯಿತು. ಶೈಲಜಾ ತಲೆ ಮೇಲೆ ಕೈ ಹೊತ್ತಳು.

ಭಾನುವಾರ ಬೆಳಿಗ್ಗೆ ಸ್ವೆಟರ್ ಹಾಕಿ, ಮಂಕಿ ಕ್ಯಾಪ್ ಧರಿಸಿ, ಕಂಪ್ಯೂಟರನ್ನು ಆಲೂಗಡ್ಡೆ ಮೂಟೆಗಳ ಮೇಲೆ ಪ್ರತಿಷ್ಠಾಪಿಸಿದೆ. ಮೂಟೆ ಹೊರುವವರೊಬ್ಬರು ಹತ್ತಿರ ಬಂದು, "ಏನ್ ಸಾ, ಇದ್ನೂ ಬಿತ್ತೀರಾ?" ಎಂದು ಕೇಳಿದರು.

ಆದರೆ ಓಡಿತು! ಆ ಚಳಿಯಲ್ಲಿ ಪ್ರೊಸೆಸರ್ ಒಮ್ಮೆಯೂ ಮುಗ್ಗರಿಸದೆ ಓಡಿ ವೀಡಿಯೊ ಮುಗಿಸಿತು. ನಾನು ರಂಗಸ್ವಾಮಿಯನ್ನು ತಬ್ಬಿಕೊಂಡೆ. ಅವನು, "ಪೆನ್‌ಡ್ರೈವ್ಗೆ ಹಾಕ್ಕಳಿ ಅಣ್ಣ, ಸಾಕು," ಎಂದ. ನಾನು ಕೇಳಲಿಲ್ಲ. ಇಂಥ ಯಂತ್ರವನ್ನೇ ಹೊತ್ತೊಯ್ದು ಬೀಗರ ಕಣ್ಣೆದುರು ಓಡಿಸಬೇಡವೇ? ಆಫ್ ಮಾಡಿ, ಅದನ್ನು ಅಲ್ಲೇ ಮೂಟೆ ಮೇಲೆ ಬಿಟ್ಟು, ಇಬ್ಬರೂ ಹೊರಗೆ ಹೋಗಿ ಇಡ್ಲಿ ತಿಂದು, ಕಾಫಿ ಕುಡಿದು, ನಾಲ್ಕು ಮಾತಾಡಿ ಬಂದೆವು. ಕಂಪ್ಯೂಟರ್ ಅಷ್ಟರಲ್ಲಿ ಆಲೂಗಡ್ಡೆಗಿಂತ ತಣ್ಣಗಾಗಿತ್ತು. ಆ ತಂಪು ಆರಬಾರದೆಂದು ಕಂಬಳಿ ಸುತ್ತಿ ಹೊತ್ತೊಯ್ದೆ.

ಹೊಳೆನರಸೀಪುರದ ಛತ್ರದಲ್ಲಿ ಬಾಡೂಟದ ಘಮ ಹರಡಿತ್ತು. ಭಾವ ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತಾ ಕೂತಿದ್ದ. ನಾನು ಡಬ್ಬವನ್ನು ಮೇಜಿನ ಮೇಲಿಟ್ಟು ವೈರುಗಳನ್ನು ಜೋಡಿಸಿದೆ. ಶೈಲಜಾ ಅದನ್ನು ಮುಟ್ಟಿ ಬೆಚ್ಚಿದಳು.

"ರೀ, ಇದ್ಯಾಕ್ರೀ ಇಂಗ್ ಬೆವರ್ತಾ ಅದೆ?"

ಒಳಗೆ ಇಣುಕಿದೆ. ಫ್ರಿಜ್ಜಿನಿಂದ ತೆಗೆದ ಹಾಲಿನ ಪ್ಯಾಕೆಟ್ಟಿನಂತೆ ಎಲ್ಲೆಲ್ಲೂ ನೀರಿನ ಹನಿ! ಸ್ವಿಚ್ ಒತ್ತಿದ್ದರೆ ಕಥೆ ಮುಗಿಯುತ್ತಿತ್ತು. ಶೈಲಜಾ ಓಡಿಹೋಗಿ ಮದುಮಗಳ ಕೂದಲು ಒಣಗಿಸುವ ಮಿಷನ್ ತಂದಳು. ಮದುಮಗಳು ಒದ್ದೆ ತಲೆಯಲ್ಲೇ ಕಾದಳು. ನಾನು ಪ್ರೊಸೆಸರ್‌ಗೆ ಬಿಸಿಗಾಳಿ ಬಿಡುತ್ತಾ ನಿಂತೆ. ಇಷ್ಟು ದಿನ ಅದನ್ನು ತಣ್ಣಗಿಡಲು ಪ್ರಾಣ ಬಿಟ್ಟವನು ನಾನೇ!

ಚೆನ್ನಾಗಿ ಒಣಗಿತು. ಸ್ವಿಚ್ ಒತ್ತಿದೆ. ಬುರ್ ಎಂದಿತು, ಆರಿತು. ಮತ್ತೆ ಬುರ್ ಎಂದಿತು, ಮತ್ತೆ ಆರಿತು. ಕೊನೆಗೆ ದೊಡ್ಡ ಪರದೆ ಬೆಳಗಿತು. ಇಡೀ ಛತ್ರದ ಮುಂದೆ, ಕಪ್ಪು ಪರದೆಯ ಮೇಲೆ ಮೊಳ ಉದ್ದದ ಬಿಳಿ ಇಂಗ್ಲಿಷ್ ಅಕ್ಷರಗಳು: ಓವರ್‌ಕ್ಲಾಕಿಂಗ್ ಫೇಲ್ಡ್!

ಭಾವ ತಂಗಿಯ ಕಡೆ ತಿರುಗಿ ನೋಡಿದ. ಅವಳ ಕಣ್ಣು ತುಂಬಿತ್ತು. ಇವಳಿಗೆ ಬೇಕಿದ್ದದ್ದು ಒಂದು ವೀಡಿಯೊ, ಅಷ್ಟೇ. ವೇಗ ಬೇಕಿದ್ದದ್ದು ನನಗೆ.

"ಮಾಮೂಲಿ ಸ್ಪೀಡ್ಗೆ ಯಾವ್ ಗುಂಡಿ ಒತ್ಬೇಕು?" ಎಂದಳು ಮೆಲ್ಲಗೆ.

ತೋರಿಸಿದೆ. ಒತ್ತಿದಳು. ಕಂಪ್ಯೂಟರ್ ಏನೂ ಆಗದ ಹಾಗೆ ಎದ್ದು ಕೂತಿತು!

ವೀಡಿಯೊ ಶುರುವಾಯಿತು. ಎಲ್ಲೂ ತಡವರಿಸಲಿಲ್ಲ. ಧಾರೆಯ ಹೊತ್ತಿಗೆ ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಮಗಳನ್ನು ಒಪ್ಪಿಸಿಕೊಟ್ಟು ಕಂಬದ ಮರೆಯಲ್ಲಿ ಅಳುತ್ತಿದ್ದ ಭಾವ ಪರದೆಯಲ್ಲಿ ಬಂದಾಗ, ಮುಂದಿನ ಸಾಲಿನ ಭಾವನೂ ಅತ್ತ. ಮುಗಿದ ಮೇಲೆ ಬಂದು ತಂಗಿಯ ತಲೆ ಸವರಿದ. "ಬೇರೆ ಯಾರ್ಗ್ ಕೊಟ್ಟಿದ್ರೂ ಇಂಗ್ ಬತ್ತಿರ್ಲಿಲ್ಲ ಕಣವ್ವ," ಎಂದ. ಅವಳ ಮುಖ ನೋಡಬೇಕಿತ್ತು!

ಹಿಂದೆಯೇ ಬೀಗರು ಬಂದರು. "ಬಲೇ ಚೆಂದಾಗಿತ್ತು ಸಾ. ಅರಕಲಗೂಡ್ನಲ್ಲಿ ನನ್ ತಂಗಿ ಮಗಳ್ ಮದ್ವೆ ಅದೆ, ಅದ್ನೂ ನೀವೇ ಮಾಡ್ಕೊಡ್ಬೇಕು. ಅದ್ಸರಿ, ಕನ್ನಡ್ಕ ಬುಟ್ಟು ಬಂದ್ಬುಟ್ಟೆ. ಸುರೂನಲ್ಲಿ ಇಂಗ್ಲೀಷ್ನಲ್ಲಿ ದೊಡ್ದಾಗ್ ಬಂತಲ್ಲ, ಏನದು?"

ನಾನು ಬಾಯಿ ತೆರೆಯುವ ಮೊದಲೇ ಶೈಲಜಾ ಹೇಳಿದಳು:

"ಅದಾ? ನಮ್ಮೆಜಮಾನ್ರ ಹೆಸ್ರು ಬೀಗ್ರೇ."

ಹೌದೆಂದು ನಾನೂ ಕೈಮುಗಿದೆ.