ದಿವಂಗತರ ಹಣೆಯ ಮೇಲಿನ ಕೊಂಬು

ತಿದ್ದುಪಡಿ ಪ್ರಕಟಿಸುವುದೆಂದರೆ ಪತ್ರಿಕೆಯವರಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಎಲ್ಲರೂ ಒಂದಲ್ಲ ಒಂದು ದಿನ ಕೀಳಿಸಿಕೊಳ್ಳುತ್ತಾರೆ, ಆದರೆ ಯಾರೂ ಅದರ ನೆನಪಿಗೆಂದು ಫೋಟೊ ಇಟ್ಟುಕೊಳ್ಳುವುದಿಲ್ಲ. ನಾನು ಮಾತ್ರ ಒಂದು ತಿದ್ದುಪಡಿಯನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತೇನೆ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಚಿಲ್ಲರೆ ಹುಡುಕುವ ನೆಪದಲ್ಲಿ ಅದನ್ನು ಹೊರತೆಗೆದು, ಪಕ್ಕದವರು ಏನೆಂದು ಕೇಳಲಿ ಎಂದು ಕಾಯುತ್ತೇನೆ. ಇದುವರೆಗೆ ಇಬ್ಬರು ಕೇಳಿದ್ದಾರೆ. ಅವರಲ್ಲಿ ಒಬ್ಬರು ಕನ್ನಡಕ ತಂದಿರಲಿಲ್ಲ.

ನಾನು ಬೇಲೂರು, ಹಳೇಬೀಡಿನವರೆಗೂ ಹೋಗುವ ಒಂದು ವಾರಪತ್ರಿಕೆಯ ಸಂಪಾದಕ. ಕಚೇರಿಯಲ್ಲಿ ನಾನೇ ಮಾಡಿದ ಎರಡು ನಿಯಮಗಳಿವೆ. ನಮ್ಮಲ್ಲಿ ಕೆಲಸ ಮಾಡುವವರ ಹೆಸರಾಗಲಿ, ಅವರ ಮನೆಯವರ ಸುದ್ದಿಯಾಗಲಿ ಪತ್ರಿಕೆಯಲ್ಲಿ ಬರಕೂಡದು. ತಪ್ಪಾದರೆ ಮಾತ್ರ ಅದು ಯಾರಿಂದಾಯಿತು, ಯಾರು ಸರಿಪಡಿಸಿದರು ಎಂಬುದನ್ನು ಹೆಸರು ಸಮೇತ ಹೇಳಬೇಕು. ಪುಟ ವಿನ್ಯಾಸ ಮಾಡುವ ರೇವಣ್ಣನವರ ಮಗಳು ತಾಲ್ಲೂಕು ಮಟ್ಟದ ಓಟದಲ್ಲಿ ಮೊದಲು ಬಂದಾಗಲೂ ನಾನು ಕ್ರೀಡಾ ವರದಿಯಿಂದ ಅವಳ ಹೆಸರನ್ನು ಹೊಡೆದುಹಾಕಿದೆ. ಎರಡನೇ ಸ್ಥಾನದಿಂದ ಶುರುವಾದ ಆ ವರದಿ ಓದುಗರಿಗೆ ವಿಚಿತ್ರವಾಗಿ ಕಂಡಿರಬೇಕು. ರೇವಣ್ಣ ಒಂದು ವಾರ ನನ್ನೊಂದಿಗೆ ‘ಹೂಂ’, ‘ಉಹೂಂ’ಗಳಲ್ಲೇ ವ್ಯವಹರಿಸಿದರು.

ಕಚೇರಿಯ ಕಂಪ್ಯೂಟರಿನಲ್ಲಿರುವುದು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ಹಾಕಿಕೊಟ್ಟವಳು ನನ್ನ ಹೆಂಡತಿ ವಿಮಲಾ. ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಯಂತ್ರ ನಿಧಾನವಾಯಿತೆಂದು ನಾನು ಅವಳನ್ನು ಕೇಳದೆ, ಅದರ ಮೆಮೊರಿಯನ್ನು ನಾಲ್ಕು ಪಟ್ಟು ಮಾಡಿಸಿದೆ. ಮುಂದಿನ ವಾರವೇ ಕಣಕಟ್ಟೆಯ ಕೆಂಚಪ್ಪನವರು ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರ ತಂದೆಯ ಶ್ರದ್ಧಾಂಜಲಿ ಆ ವಾರ ಅಚ್ಚಾಗಿತ್ತು.

“ಏನ್ ಸ್ವಾಮಿ, ನಮ್ಮಪ್ಪನ ಹಣೆ ಮ್ಯಾಲೆ ಕೊಂಬು ಬಂದೈತಲ್ಲ!”

ನೋಡಿದೆ. ಬಂದಿತ್ತು. ಗಂಡಸಿಯ ದನಗಳ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಹೋರಿಯ ಫೋಟೊವನ್ನು ಅದಕ್ಕೆ ಮೊದಲು ಸ್ಕ್ಯಾನ್ ಮಾಡಿದ್ದೆವು. ಅದರ ಒಂದು ಪಟ್ಟಿ ಹಿರಿಯರ ಹಣೆಯ ಮೇಲೆ ಕೂತಿತ್ತು. ಕರಡು ತಿದ್ದಿದವನು ನಾನೇ. ಆದರೆ ನಾನು ಅಕ್ಷರ ನೋಡುವವನು, ಮುಖ ನೋಡುವವನಲ್ಲ.

“ಬದುಕಿದ್ದಾಗ ವಸಿ ಹಾಯ್ತಿದ್ದ, ದಿಟ. ಹಂಗಂತ ಪೇಪರ್ನಾಗೆ ಹಾಕ್ಬೋದಾ? ಅಪ್ಪಂದು ಇರೋದೇ ಅದೊಂದು ಫೋಟೊ. ತಿಂಗಳ ತಿಥಿ ಒಳಗೆ ನೆಟ್ಟಗೆ ಹಾಕಿ. ಇಲ್ದಿದ್ರೆ ನಮ್ಮ ಮನೆಯೋರ್ನ ಕೊಂಬಿನೋರು ಅಂತ್ಲೇ ಕರೀತಾರೆ.”

ಅವರು ಇಳಿದುಹೋಗುವಷ್ಟರಲ್ಲಿ ಬಸ್ತಿಹಳ್ಳಿಯ ಬಸದಿಯ ಕಂಬದ ಫೋಟೊ ಸ್ಕ್ಯಾನ್ ಮಾಡುತ್ತಿದ್ದ ರೇವಣ್ಣ ಕೂಗಿದರು: “ಸಾರ್, ಕಂಬಕ್ಕೆ ಮೀಸೆ ಬಂದೈತೆ!” ಮೀಸೆ ಕೆಂಚಪ್ಪನವರ ತಂದೆಯದು.

ಭಾನುವಾರ ವಿಮಲಾ ಬಂದು ಕೂತಳು. “ಈಚೆಗೆ ಏನಾದ್ರೂ ಬದಲಾಯಿಸಿದ್ರಾ?” ಎಂದಳು. ಇಲ್ಲವೆಂದೆ. ಹಿಂದಿನಿಂದ ರೇವಣ್ಣ “ಮೆಮೊರಿ, ಮೇಡಮ್” ಎಂದರು. “ಅದು ಬದಲಾವಣೆ ಅಲ್ಲ, ಸುಧಾರಣೆ” ಎಂದು ನಾನು ಸ್ಪಷ್ಟನೆ ಕೊಟ್ಟೆ.

ಸಂಜೆಯ ಹೊತ್ತಿಗೆ ಅವಳಿಗೆ ರೋಗ ಗೊತ್ತಾಗಿತ್ತು. ನನಗೆ ಅರ್ಥವಾಗಲೆಂದು ನಮ್ಮ ಕಚೇರಿಯ ಪದ್ಧತಿಯಲ್ಲೇ ವಿವರಿಸಿದಳು. ಹಳೇಬೀಡಿನ ಸುದ್ದಿಗಾರರು ಸುದ್ದಿಯ ಕವರನ್ನು ಬಸ್ಸಿಗೆ ಕೊಡುತ್ತಾರೆ. ಬಸ್ಸು ನಮ್ಮ ಮಹಡಿ ಹತ್ತುವುದಿಲ್ಲವಾದ್ದರಿಂದ ಕಂಡಕ್ಟರು ಅದನ್ನು ಕೆಳಗಿನ ಹೂವಿನ ಅಂಗಡಿಯಲ್ಲಿಟ್ಟು ಹೋಗುತ್ತಾರೆ. ನಮ್ಮವರು ಇಳಿದು ತರಬೇಕು.

“ಸ್ಕ್ಯಾನರಿನ ಕಾರ್ಡು ಹಳೇದು ಕಣ್ರೀ. ಚಿತ್ರಾನ ನೇರವಾಗಿ ತಾನೇ ಮೆಮೊರೀಲಿಡುತ್ತೆ. ಆದ್ರೆ ಕೆಳಗಿನ ಭಾಗ ಮಾತ್ರ ಅದರ ಕೈಗೆಟುಕೋದು. ಮೊದ್ಲು ಇದ್ದಿದ್ದೇ ಅಷ್ಟು, ನಡೀತಿತ್ತು. ನೀವು ಮೇಲೊಂದು ಮಹಡಿ ಕಟ್ಟಿಸಿದ್ರಿ. ಈಗ ಮೇಲೆ ಹೋಗ್ಬೇಕಾದ ಪಟ್ಟಿಗಳೆಲ್ಲ ಹೂವಿನಂಗಡೀಲಿ ಕೂತಿರ್ತವೆ. ‘ಹೋಗಿ ತಗೊಂಬಾ’ ಅಂತ ಹೇಳೋ ಸಾಲೇ ಈ ಕಾರ್ಡಿನ ಪ್ರೋಗ್ರಾಮಿನಲ್ಲಿಲ್ಲ. ಅದಕ್ಕೇ ಮೇಜಿನ ಮೇಲಿರೋ ಹೋದ್ಸಲದ ಕವರನ್ನೇ ಒಡೀತಿದೀರಿ.”

“ಹಾಗಾದ್ರೆ ಹೊಸ ಮೆಮೊರಿ ಕಿತ್ತುಹಾಕಿದ್ರೆ ಆಯ್ತಲ್ಲ?”

“ನಿಮ್ಮ ಆಫೀಸಿಗೆ ಆಯ್ತು. ಇದೇ ಕಾರ್ಡಿಟ್ಕೊಂಡು ಇನ್ನೆಲ್ಲೋ ಕೂತಿರೋರಿಗೆ?”

ಇಂಥ ಪ್ರಶ್ನೆ ನನಗೆ ಹೊಳೆಯುವುದಿಲ್ಲ. ಹೊಳೆಯುವವಳನ್ನು ಮದುವೆಯಾದ ಶ್ರೇಯಸ್ಸನ್ನು ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಅವಳು ಆ ಸಾಲನ್ನು ಬರೆದು, ವಿವರಣೆ ಸೇರಿಸಿ, ಆ ವ್ಯವಸ್ಥೆಯನ್ನು ನೋಡಿಕೊಳ್ಳುವ ಪರದೇಶದ ಪರಿಶೀಲಕರಿಗೆ ಕಳಿಸಲು ಸಿದ್ಧಳಾದಳು. ವಿವರಣೆ ಉದ್ದವಾಯಿತೆಂದು ನಾನು ಅರ್ಧಕ್ಕಿಳಿಸಿದೆ. ಅದು ವಾಪಸ್ ಬಂತು: ದೋಷದ ಕಾರಣವನ್ನೇ ಹೇಳಿಲ್ಲವಲ್ಲ? ನಾನು ಕತ್ತರಿಸಿದ್ದೇ ಆ ಅರ್ಧ. ಎರಡನೇ ಸಲವೂ ವಾಪಸ್ ಬಂತು: ಯಾರಾದರೂ ಪರೀಕ್ಷಿಸಿದ್ದಾರೆಯೇ? ಆ ಇಡೀ ವಾರ ನಾನು ಮದುವೆ, ಮುಂಜಿ, ಬೇಲೂರಿನ ಶಿಲಾಬಾಲಿಕೆ, ಎಮ್ಮೆ ಎಲ್ಲವನ್ನೂ ಬೆರೆಸಿ ಸ್ಕ್ಯಾನ್ ಮಾಡಿದೆ. ಯಾರ ಮುಖವೂ ಯಾರಿಗೂ ಹೋಗಲಿಲ್ಲ. ತಿಂಗಳ ತಿಥಿಗೆ ಎಂಟು ದಿನವಿದ್ದಾಗ ಒಪ್ಪಿಗೆ ಬಂತು. ವಿಮಲಾಳ ಸಾಲು ಇನ್ನು ಮೇಲೆ ಆ ವ್ಯವಸ್ಥೆ ಹಾಕಿಕೊಂಡವರೆಲ್ಲರ ಯಂತ್ರಗಳಿಗೆ ಹೋಗುತ್ತದೆ.

ಅವರಲ್ಲೊಂದು ಪದ್ಧತಿಯಿದೆ. ಪ್ರತಿ ತಿದ್ದುಪಡಿಯ ಕೆಳಗೆ ಬರೆದವರ, ದೋಷ ವರದಿ ಮಾಡಿದವರ, ಪರೀಕ್ಷಿಸಿದವರ ಹೆಸರುಗಳನ್ನು ಶಾಶ್ವತವಾಗಿ ದಾಖಲಿಸುತ್ತಾರೆ. ವರದಿ ಮಾಡಿದವನು ನಾನೇ ಎಂದುಕೊಂಡಿದ್ದೆ. ವಿಮಲಾ ಒಪ್ಪಿರಲಿಲ್ಲ. “ಮೊದಲು ಕಂಡು ಹೇಳಿದೋರು ಕೆಂಚಪ್ಪನೋರು” ಎಂದು ಅವರನ್ನು ಕೇಳಿಯೇ ಹೆಸರು ಹಾಕಿದ್ದಳು. ಮೂವತ್ತು ವರ್ಷ ವರದಿಗಾರಿಕೆ ಮಾಡಿದ ನನ್ನನ್ನು ಕಣಕಟ್ಟೆಯ ತೆಂಗಿನ ತೋಟದ ಕೆಂಚಪ್ಪನವರು ಒಂದೇ ವರದಿಯಲ್ಲಿ ಹಿಂದೆ ಹಾಕಿದರು. ನಾನು ಬರೀ ಪರೀಕ್ಷಕ.

ಆದರೂ ಎದೆ ಉಬ್ಬಿತ್ತು. ಮುಖಪುಟದ ಸುದ್ದಿಯೆಂದು ಬರೆಯಲು ಕೂತೆ. ಮೊದಲ ವಾಕ್ಯದಲ್ಲೇ ನನ್ನ ಮೊದಲ ನಿಯಮ ಅಡ್ಡ ಬಂತು: ಮನೆಯವರ ಸುದ್ದಿ ಬರಕೂಡದು. ಅರ್ಧ ದಿನ ಒದ್ದಾಡಿದ ಮೇಲೆ ಎರಡನೇ ನಿಯಮ ನೆನಪಾಯಿತು. ಆ ವಾರ ಹಿರಿಯರ ಶುಭ್ರವಾದ ಹಣೆಯ ಫೋಟೊದ ಕೆಳಗೆ ತಿದ್ದುಪಡಿ ಬಂತು: ಸಂಪಾದಕರು (ಇಲ್ಲಿ ನನ್ನ ಪೂರ್ತಿ ಹೆಸರು) ವಿವೇಚನೆಯಿಲ್ಲದೆ ಮೆಮೊರಿ ಹೆಚ್ಚಿಸಿದ್ದರಿಂದ ಬೆಳಕಿಗೆ ಬಂದ ದೋಷವನ್ನು ಅರಸೀಕೆರೆಯ ಉಪನ್ಯಾಸಕಿ ವಿಮಲಾ ಪ್ರಪಂಚಕ್ಕೆಲ್ಲ ಅನ್ವಯವಾಗುವಂತೆ ಸರಿಪಡಿಸಿದ್ದಾರೆ. ಅವಳ ಹೆಸರು ಬರಲೆಂದು ನನ್ನ ಹೆಸರನ್ನೂ ಹಾಕಬೇಕಾಯಿತು. ಕೆಂಚಪ್ಪನವರು ಹತ್ತು ಪ್ರತಿ ಕೊಂಡು, “ಅಪ್ಪನ ಕೊಂಬು ಪರದೇಶಕ್ಕೂ ಹೋಗಿ ಹಾಯ್ತಲ್ಲ ಸ್ವಾಮಿ” ಎಂದರು.

ಅದನ್ನು ಪುಟಕ್ಕೆ ಜೋಡಿಸಿದವರು ರೇವಣ್ಣ. ಜೋಡಿಸಿ ಮುಗಿಸಿ, ಮುಖದಲ್ಲಿ ಏನನ್ನೂ ತೋರಗೊಡದೆ ಕೇಳಿದ್ದರು: “ಸಾರ್, ಆ ಓಟದ ಸುದ್ದೀಲಿ ಮೊದಲ ಸ್ಥಾನವೇ ಇರ್ಲಿಲ್ವಲ್ಲ. ಅದು ತಪ್ಪಲ್ವಾ?”

ನಿಯಮ ನಿಯಮವೇ. ಮುಂದಿನ ವಾರ ಇನ್ನೊಂದು ತಿದ್ದುಪಡಿ ಬಂತು. ತಪ್ಪು ಯಾರದೆಂದು ಹೆಸರು ಸಮೇತ. ಪರ್ಸಿನಲ್ಲಿರುವ ತುಂಡನ್ನು ನಾನು ತೋರಿಸುತ್ತಾ ತಿರುಗುತ್ತೇನೆ. ಈ ಎರಡನೆಯದನ್ನು ತೋರಿಸುವ ಕಷ್ಟ ನನಗಿಲ್ಲ. ರೇವಣ್ಣ ಅದಕ್ಕೆ ಚೌಕಟ್ಟು ಹಾಕಿಸಿ ನನ್ನ ಕುರ್ಚಿಯ ಎದುರಿಗೇ ತೂಗುಹಾಕಿದ್ದಾರೆ.