ಉಟ್ರೆಕ್ಟಿನಲ್ಲಿ ಎಂಟು, ಬಲ್ಮಠದಲ್ಲಿ ಆರು

೨೦೨೪ನೆಯ ಇಸವಿ ಸೆಪ್ಟೆಂಬರ್ ಎಂಟನೆಯ ತಾರೀಖು, ಭಾನುವಾರ. ಮಳೆಗಾಲದ ಕೊನೆ, ಮಂಗಳೂರಿನ ಬಲ್ಮಠದ ಆಕಾಶದಲ್ಲಿ ಮಳೆಯೂ ಬಿಸಿಲೂ ಸರದಿಯ ಮೇಲೆ ಹಾಜರಿ ಹಾಕುತ್ತಿದ್ದ ದಿನ. ಕೆಥೊಲಿಕ್ ಮನೆಗಳಲ್ಲಿ ಅಂದು ತೆನೆಹಬ್ಬ, ಮಾತೆ ಮರಿಯಳ ಜನ್ಮದಿನ. ಮೀನು ಮಾಂಸಕ್ಕೆ ರಜೆ. ಎಲೆಯ ಮೇಲೆ ಬರೀ ತರಕಾರಿ ಪದಾರ್ಥ, ಅದೂ ಬೆಸ ಸಂಖ್ಯೆಯಲ್ಲಿ. ನಿವೃತ್ತ ಮುಖ್ಯೋಪಾಧ್ಯಾಯ ಬೆನೆಡಿಕ್ಟ್ ಮಾಸ್ತರರು ಕೋಟು ತೊಟ್ಟು ಊಟಕ್ಕೆ ಕುಳಿತಿದ್ದರು. ಊಟಕ್ಕೆ ಕೋಟೇಕೆ ಎಂದರೆ, ಅಂದು ಅವರ ಮಾನದ ಪ್ರಶ್ನೆಯಿತ್ತು.

ಮೊಮ್ಮಗಳು ಡ್ಯಾಫ್ನಿಯನ್ನು ಓದಲು ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರಕ್ಕೆ ಕಳುಹಿಸಲೇಬೇಕೆಂದು, ಇಡೀ ಮನೆಯನ್ನು ಎದುರು ಹಾಕಿಕೊಂಡು ಹಟ ಹಿಡಿದವರು ಅವರೊಬ್ಬರೇ. ಆಗಸ್ಟ್ ಮೂವತ್ತರಂದು ಬಜಪೆಯಲ್ಲಿ ವಿಮಾನ ಹತ್ತಿದ ಹುಡುಗಿ ಸೆಪ್ಟೆಂಬರ್ ಐದರಂದು (ಶಿಕ್ಷಕರ ದಿನವೇ ಆಗಬೇಕಿತ್ತೇ ಎಂಬುದು ಮಾಸ್ತರರ ಪ್ರತ್ಯೇಕ ದುಃಖ) ಫೋನಿನಲ್ಲಿ ಅಜ್ಜನೊಡನೆ ಅತ್ತಳು.

"ಆಬ್, ಇಲ್ಲಿ ಯಾರೂ ಮಾತಾಡುವುದಿಲ್ಲ. ಒಂಬತ್ತು ರೂಮಿಗೆ ಒಂದು ಅಡುಗೆಮನೆ. ಎಲ್ಲರೂ ಅವರವರ ಪ್ಲೇಟು ಹಿಡಿದು ಒಳಗೆ ಹೋಗಿ ಬಾಗಿಲು ಹಾಕ್ತಾರೆ. ನಾನು ವಾಪಸ್ ಬರ್ತೇನೆ."

ಹೆಂಡತಿ ಗ್ಲ್ಯಾಡಿಸ್ ಬಾಯಿಯವರು ಅಲ್ಲೇ ತೀರ್ಪು ಕೊಟ್ಟರು. "ಹಬ್ಬದ ದಿವಸವೂ ಮಗು ಇದೇ ಹೇಳಿದರೆ ಟಿಕೆಟ್ ಮಾಡಿಸುವುದೇ. ಆಮೇಲೆ ನಿಮ್ಮ ಲೆಕ್ಚರ್ ಎಂತದೂ ಬೇಡ."

ಮಾಸ್ತರರಿಗೆ ಆ ಕ್ಷಣವೇ ಮಹದಾಲೋಚನೆಯೊಂದು ಹೊಳೆಯಿತು.

"ಡ್ಯಾಫ್ನಿ, ಹಬ್ಬದ ಊಟ ಒಬ್ಬಳೇ ಮಾಡುವ ಕ್ರಮ ಇಲ್ಲ. ಎಲ್ಲರ ಬಾಗಿಲು ತಟ್ಟು. ಒಬ್ಬೊಬ್ಬರು ಒಂದೊಂದು ತರಕಾರಿ ಪದಾರ್ಥ ಮಾಡಿ ತರಲಿ. ಸಂಖ್ಯೆ ಬೆಸ ಇರಬೇಕು. ಬಡಿಸಿದ್ದನ್ನೆಲ್ಲ ಹಿರಿಯರು ಮೊದಲು ಬಾಯಿಗಿಡಬೇಕು. ಕ್ರಮ ಅಂದರೆ ಕ್ರಮ."

"ಇಲ್ಲಿ ಹಾಗೆಲ್ಲ ಬಾಗಿಲು ತಟ್ಟುವುದಿಲ್ಲ, ಆಬ್."

"ಬಾಗಿಲು ಇರುವುದೇ ತಟ್ಟಲಿಕ್ಕೆ."

ಹೀಗೆ ಭಾನುವಾರ ಇಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ವಿಡಿಯೊ ಕರೆ ಸೇರಿತು. ಪರದೆಯ ತುಂಬ ಕೆದರಿದ ತಲೆಯ, ನಿದ್ದೆಗಣ್ಣಿನ ಯುವಜನರು. ನಡುವೆ ಸೀರೆಯುಟ್ಟ ಡ್ಯಾಫ್ನಿ. ಮಾಸ್ತರರು ಕನ್ನಡಕ ಏರಿಸಿ ಪರಿವೀಕ್ಷಣೆ ಆರಂಭಿಸಿದರು. ಹುಳಿ ಎಲೆಕೋಸು, ಹುರಿದ ಅಣಬೆ, ಬೀಟ್‌ರೂಟ್, ಹೆಸರು ತಿಳಿಯದ ಹಸಿರು ಮುದ್ದೆಯೊಂದು, ಡ್ಯಾಫ್ನಿಯ ಬೀನ್ಸ್ ಪಲ್ಯ, ಇತ್ಯಾದಿ. ಕೊನೆಯಲ್ಲೊಂದು ಆಲೂಗಡ್ಡೆ ಚಿಪ್ಸ್.

"ಚಿಪ್ಸ್ ಅಂಗಡಿಯ ಪೊಟ್ಟಣ. ಅದು ಪದಾರ್ಥ ಅಲ್ಲ. ಉಳಿದದ್ದು ಎಂಟು. ಸಮಸಂಖ್ಯೆ. ಊಟ ಶುರು ಮಾಡುವ ಹಾಗಿಲ್ಲ."

"ಪಪ್ಪಾ, ಇಲ್ಲಿ ನಮಗೂ ಹಸಿವು ಉಂಟು," ಎಂದ ಮಗ ಇರ್ವಿನ್.

ಡ್ಯಾಫ್ನಿ ಓಡಿಹೋಗಿ, ಅಜ್ಜಿ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯ ಬಾಟ್ಲಿ ತಂದಳು.

"ಉಪ್ಪಿನಕಾಯಿ ಎಲೆಯ ತುದಿಗೆ. ಲೆಕ್ಕಕ್ಕಲ್ಲ."

ಆಗ ಎಲ್ಲರಿಗಿಂತ ಎತ್ತರದ ಹುಡುಗಿಯೊಬ್ಬಳು ಏನೋ ಕೇಳಿದಳು. "ಆಬ್, ಇವಳು ಎಸ್ತೆರ್, ಎದುರಿನ ರೂಮು. ನಿಮ್ಮ ಟೇಬಲಿನಲ್ಲಿ ಎಷ್ಟು ಉಂಟು ಅಂತ ಕೇಳ್ತಾಳೆ."

ಇಂಥ ಪ್ರಶ್ನೆಗೇ ಕಾದಿದ್ದವರಂತೆ ಮಾಸ್ತರರು ಫೋನನ್ನು ಮೇಜಿನತ್ತ ತಿರುಗಿಸಿದರು. ಬೆಂಡೆ, ಹರಿವೆ, ಅಲಸಂಡೆ, ಕೆಸುವಿನ ದಂಟು, ಸೌತೆ, ಹೀರೆ. ಉಟ್ರೆಕ್ಟ್ ಒಕ್ಕೊರಲಿನಿಂದ ಎಣಿಸಿತು. ಆರಕ್ಕೆ ನಿಂತಿತು. ಕ್ರಮಕ್ಕೆ ಪ್ರಸಿದ್ಧವಾದ ಮನೆಯಲ್ಲಿ ಆರು!

"ಏಳನೆಯದು ಎಲ್ಲಿ?" ಎಂದು ಮಾಸ್ತರರು ಕ್ಷೀಣ ಸ್ವರದಲ್ಲಿ ಕೇಳಿದರು.

"ಏಳನೆಯದು ಹಾಗಲಕಾಯಿ. ನಿನ್ನೆ ನೀವೇ ಚೀಲದಿಂದ ತೆಗೆದು ತರಕಾರಿಯವನಿಗೆ ವಾಪಸ್ ಕೊಟ್ಟದ್ದಲ್ಲವಾ?" ಎಂದರು ಗ್ಲ್ಯಾಡಿಸ್ ಬಾಯಿ.

೧೯೭೮ರ ಮೇ ಹದಿನಾಲ್ಕರಂದು ಮದುವೆಯಾದಂದಿನಿಂದ ಮಾಸ್ತರರು ಹಾಗಲಕಾಯಿಯನ್ನು ಮುಟ್ಟಿದವರಲ್ಲ.

"ನೀವು ಕೊಟ್ಟ ಮೇಲೆ ನಾನು ಹಿಂದಿನಿಂದ ಹೋಗಿ ಮತ್ತೆ ತಂದೆ. ನನಗೆ ಇಷ್ಟ." ಗ್ಲ್ಯಾಡಿಸ್ ಬಾಯಿಯವರು ಒಳಗಿನಿಂದ ಮುಚ್ಚಿಟ್ಟಿದ್ದ ಬೋಗುಣಿಯನ್ನು ತಂದು, ಕಾಲು ಭಾಗವನ್ನು ಗಂಡನ ಎಲೆಗೇ ಬಡಿಸಿದರು.

"ಬಡಿಸಿದ್ದನ್ನೆಲ್ಲ ಹಿರಿಯರು ಮೊದಲು ಬಾಯಿಗಿಡಬೇಕು, ಆಬ್. ಕ್ರಮ ಅಂದರೆ ಕ್ರಮ," ಎಂದು ಉಟ್ರೆಕ್ಟಿನಿಂದ ನೆನಪಿಸಲಾಯಿತು.

ಎರಡು ಖಂಡಗಳು ನೋಡುತ್ತಿದ್ದಂತೆ ಮಾಸ್ತರರು ಕಣ್ಣು ಮುಚ್ಚಿ ಒಂದು ಹೋಳನ್ನು ಬಾಯಿಗಿಟ್ಟರು. ಗಂಟಲಲ್ಲಿ ಒಂದು ಸಣ್ಣ ಹೋರಾಟ ನಡೆಯಿತು.

"ಹೇಗುಂಟು?" ಎಂದು ಕೇಳಿದರು ಗ್ಲ್ಯಾಡಿಸ್ ಬಾಯಿ.

"ಅತ್ಯಂತ ರುಚಿಕರವಾಗಿದೆ," ಎಂದರು ಅವರು. ಸೋಲೊಪ್ಪುವುದು ಅವರ ಜಾಯಮಾನವಲ್ಲ. ಒಂದು ಲೋಟ ನೀರು ಕುಡಿದ ಮೇಲೆ ಮುಂದುವರಿಸಿದರು: "ಮತ್ತೆ, ಉಪ್ಪಿನಕಾಯಿಯನ್ನು ಪದಾರ್ಥ ಎಂದು ಪರಿಗಣಿಸಬಹುದು. ಒಂಬತ್ತು. ಶುರು ಮಾಡಿ."

ಉಟ್ರೆಕ್ಟಿನಲ್ಲಿ ಚಪ್ಪಾಳೆ ಎದ್ದಿತು. ವಿದೇಶಕ್ಕೆ ಹೋಗುವವರಿಗೆಂದು ಚರ್ಚಿನಲ್ಲಿ ಮೊದಲೇ ಕೊಟ್ಟಿದ್ದ ಪವಿತ್ರ ತೆನೆಯ ಪುಡಿಯನ್ನು ಡ್ಯಾಫ್ನಿ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟಳು. ಇಲ್ಲಿ ಮಾಸ್ತರರು ಕೊಟ್ಟರು.

"ಬಾಯೆ, ಟಿಕೆಟ್ ಎಂತ ಮಾಡುವುದು?" ಎಂದು ಅಜ್ಜಿ ಮೊಮ್ಮಗಳನ್ನು ಕೇಳಿದರು.

"ಯಾವ ಟಿಕೆಟ್? ಮಾಯ್, ಈಗ ಇಡ್ತೇನೆ. ಇವರು ನನ್ನ ಉಪ್ಪಿನಕಾಯಿ ಪೂರ್ತಿ ಖಾಲಿ ಮಾಡ್ತಿದ್ದಾರೆ."

ಮಾಸ್ತರರು ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಕೋಟಿನ ಗುಂಡಿ ಸಡಿಲಿಸಿದರು.

ಆ ಬಳಿಕ ನಡೆದದ್ದು ಇಷ್ಟು. ಟಿಕೆಟ್ ಮಾಡಿಸಲಿಲ್ಲ. ಆ ಹಾಸ್ಟೆಲಿನವರು ಭಾನುವಾರಗಳಂದು ಒಟ್ಟಿಗೆ ಉಣ್ಣತೊಡಗಿದರು. ೨೦೨೫ರ ಹಬ್ಬ ಸೋಮವಾರ ಬಂದಿತು. ಅಲ್ಲಿ ಹದಿಮೂರು ಪದಾರ್ಥಗಳಾದವು. ಬಲ್ಮಠದಲ್ಲಿ, ಯಜಮಾನರು ಸಾಕ್ಷಿಗಳ ಸಮ್ಮುಖದಲ್ಲಿ ಅತ್ಯಂತ ರುಚಿಕರವೆಂದು ನುಡಿದಿದ್ದ ಕಾರಣ, ೨೦೨೪ರ ಸೆಪ್ಟೆಂಬರ್ ಹದಿನೈದರಿಂದ ಪ್ರತಿ ಭಾನುವಾರ ಹಾಗಲಕಾಯಿ ಮಾಡಲಾಗುತ್ತಿದೆ. ಅವರು ತಿನ್ನುತ್ತಿದ್ದಾರೆ.